ಚಳಿಜ್ವರಕ್ಕೆ ಲಸಿಕೆ: ಮೊದಲ ಪರೀಕ್ಷೆಯ ಕಥೆ

ಜ್ವರ ಬಾರದ ಮನುಷ್ಯನಿಲ್ಲ. ಆದರೆ ಹೊತ್ತು ನೋಡಿಕೊಂಡು ಬರುವಂತೆ ದಿನ ಬಿಟ್ಟು ದಿನ ಬರುವ ಜ್ವರವೊಂದುಂಟು. ಮೊದಲು ಚಳಿ, ಎಷ್ಟು ಕಂಬಳಿ ಹೊದ್ದರೂ ಹಲ್ಲು ಕಟಕಟಿಸುವ ನಡುಕ. ಅನಂತರ ಮೈ ಕೆಂಡದಂತೆ ಕಾಯುವುದು. ಕೊನೆಗೆ ಬೆವರು ಸುರಿದು ಜ್ವರ ಇಳಿಯುವುದು. ಬದುಕಿದೆನೆಂದು ರೋಗಿ ಎದ್ದು ಕುಳಿತರೆ, ನಡುವೆ ಒಂದು ದಿನ ಕಳೆದು ಅದೇ ಹೊತ್ತಿಗೆ ಮತ್ತೆ ಚಳಿ. ನಮ್ಮ ಹಿರಿಯರು ಇದನ್ನು ಚಳಿಜ್ವರವೆಂದು ಕರೆದರು. ವೈದ್ಯಶಾಸ್ತ್ರ ಇದನ್ನು ಮಲೇರಿಯಾ ಎನ್ನುತ್ತದೆ.

ಈ ರೋಗ ಮಲೆನಾಡಿಗೆ ಮಾತ್ರ ಸೇರಿದ್ದು ಎಂಬ ಭಾವನೆ ಬಯಲುಸೀಮೆಯಲ್ಲಿ ಉಂಟು. ಅದು ಪೂರ್ತಿ ಸರಿಯಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳನ್ನೇ ನೋಡಿರಿ. ಇಂದು ಇವು ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ಕಡಮೆಯ ನೆಲ. ಜೋಳ, ಸಜ್ಜೆ, ಶೇಂಗಾ ಬೆಳೆಯುವ ಹೊಲಗಳು. ಆದರೂ ನೀರು ಇಲ್ಲದಿಲ್ಲ. ಹಡಗಲಿ, ಹರಪನಹಳ್ಳಿಗಳ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಗರಿಬೊಮ್ಮನಹಳ್ಳಿಯ ಬಳಿ ಮಾಲವಿ ಜಲಾಶಯವಿದೆ, ಅಂಕಸಮುದ್ರದ ಕೆರೆಯಿದೆ. ಊರೂರಿಗೆ ಹಳ್ಳ, ಕೆರೆ, ಬಾವಿಗಳುಂಟು. ಬಯಲುನಾಡಿನ ಮಲೇರಿಯಾವನ್ನು ಹೆಚ್ಚಾಗಿ ಹರಡುವ ಸೊಳ್ಳೆ ಅನಾಫಿಲೀಸ್ ಕ್ಯೂಲಿಸಿಫೇಸೀಸ್. ಅದಕ್ಕೆ ಕಾಡು ಬೇಕಿಲ್ಲ. ಪ್ರವಾಹ ಇಳಿದ ಮೇಲೆ ಹೊಳೆಯ ಮರಳಿನಲ್ಲಿ ನಿಂತ ಮಡುಗಳು, ಹೊಸ ಮಳೆಯ ಗುಂಡಿಗಳು, ನೀರಾವರಿಯ ಕಾಲುವೆಗಳು, ಬಳಸದ ಬಾವಿಗಳು ಇಷ್ಟಿದ್ದರೆ ಸಾಕು. ಹಗಲೆಲ್ಲ ದನದ ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡಿದ್ದು, ಇರುಳು ದನದ ರಕ್ತವನ್ನೂ ಮನುಷ್ಯನ ರಕ್ತವನ್ನೂ ಹೀರುವುದು ಅದರ ವಾಡಿಕೆ.

ಸೊಳ್ಳೆಯನ್ನು ಕೊಲ್ಲುವ ಯುದ್ಧದ ಕಥೆ ಹಲವರಿಗೆ ತಿಳಿದದ್ದೇ. ೧೮೮೩ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರು ಚೆಲ್ಲಿದರೆ ಸೊಳ್ಳೆ ಕಡಮೆಯಾಗುವುದೆಂದು ಅರಿತನು. ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡವನೂ ಅವನೇ. ೧೯೪೫-೪೬ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಗಳ ಗೋಡೆಗೆ ಡಿಡಿಟಿ ಹೊಡೆಸಿದರು. ಎಂದರೆ ಹಡಗಲಿ, ಹರಪನಹಳ್ಳಿಯವರು ಹೊಳೆಯ ಆಚೆಯ ದಡದಲ್ಲಿಯೇ ಆ ಪ್ರಯೋಗವನ್ನು ಕಾಣಬಹುದಾಗಿತ್ತು. ೧೯೫೩ರಲ್ಲಿ, ಈ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷವೇ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ರೋಗಕ್ಕೆ ತುತ್ತಾಗುತ್ತಿದ್ದರೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. ೧೯೬೫ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಎಲ್ಲರೂ ಹಿಗ್ಗಿದರು. ಆದರೆ ಸೊಳ್ಳೆ ವಿಷವನ್ನು ತಾಳಿಕೊಳ್ಳುವುದನ್ನು ಕಲಿತಿತು, ನಮ್ಮ ಎಚ್ಚರ ಸಡಿಲವಾಯಿತು. ೧೯೭೬ರಲ್ಲಿ ರೋಗಿಗಳ ಸಂಖ್ಯೆ ೬೪ ಲಕ್ಷಕ್ಕೆ ಏರಿತು.

ಹೀಗೆ ಹೋದ ಶತ್ರು ಹಿಂದಿರುಗಿದಾಗ ವಿಜ್ಞಾನಿಗಳು ಮತ್ತೊಂದು ಆಯುಧದ ಕಡೆಗೆ ನೋಡಿದರು. ದೇವಿ ಹಾಕಿಸಿ ಸಿಡುಬನ್ನು ಅಳಿಸಿದಂತೆ ಮಲೇರಿಯಾಕ್ಕೂ ಲಸಿಕೆ ಹಾಕಬಾರದೇಕೆ?

ಲಸಿಕೆ ಏಕೆ ಕಷ್ಟ?

ಸಿಡುಬಿನ ವೈರಸ್ಸಿನಲ್ಲಿ ಇರುವುದು ಸುಮಾರು ೨೦೦ ಜೀನುಗಳು. ಮಲೇರಿಯಾದ ರೋಗಾಣುವಾದ ಪ್ಲಾಸ್ಮೋಡಿಯಮ್ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಅದೊಂದು ಏಕಕೋಶ ಜೀವಿ. ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಜೀನುಗಳುಂಟು. ಬಹುರೂಪಿ ವೇಷ ಬದಲಿಸುವಂತೆ ಅದು ಒಂದೊಂದು ಹಂತದಲ್ಲಿ ಒಂದೊಂದು ರೂಪ ತಳೆಯುತ್ತದೆ. ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಇಳಿಯುವುದು ಸ್ಪೋರೊಜೊಯಿಟ್ ಎಂಬ ಎಳೆಯಂತಹ ರೂಪ. ಅದು ರಕ್ತದ ಮೂಲಕ ಯಕೃತ್ತನ್ನು ಸೇರಿ, ಅಲ್ಲಿನ ಒಂದು ಕೋಶದೊಳಗೆ ಅಡಗಿ, ಕೆಲವು ದಿನಗಳಲ್ಲಿ ಸಾವಿರಾರು ಮೀರೊಜೊಯಿಟ್‌ಗಳಾಗಿ ಒಡೆಯುವುದು. ಇವು ಕೆಂಪು ರಕ್ತಕಣಗಳನ್ನು ಹೊಕ್ಕು ಬೆಳೆದು, ಕಣವನ್ನು ಸಿಡಿಸಿಕೊಂಡು ಹೊರಬಂದು, ಮತ್ತೆ ಹೊಸ ಕಣಗಳನ್ನು ಹೊಗುವುವು. ನಮ್ಮಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಮತ್ತು ಫಾಲ್ಸಿಪ್ಯಾರಮ್ ಎಂಬ ಎರಡು ಜಾತಿಗಳಲ್ಲಿಯೂ ಈ ಸುತ್ತಿಗೆ ೪೮ ಗಂಟೆ ಹಿಡಿಯುವುದು. ದಿನ ಬಿಟ್ಟು ದಿನ ಬರುವ ಚಳಿಯ ಗುಟ್ಟು ಇಲ್ಲಿಯೇ ಇದೆ. ಒಂದು ರೂಪವನ್ನು ಗುರುತಿಸಲು ಕಲಿತ ದೇಹದ ಕಾವಲುಗಾರರು ಮುಂದಿನ ರೂಪವನ್ನು ಗುರುತಿಸಲಾರರು.

ಸಿಡುಬು ಒಮ್ಮೆ ಬಂದು ಹೋದವನಿಗೆ ಸಾಮಾನ್ಯವಾಗಿ ಮತ್ತೆ ಬರುತ್ತಿರಲಿಲ್ಲ. ಮಲೇರಿಯಾ ಹಾಗಲ್ಲ, ಹತ್ತು ಸಲ ಬಂದವನಿಗೂ ಬರುವುದು. ಆದರೆ ರೋಗ ದಟ್ಟವಾಗಿರುವ ನಾಡಿನಲ್ಲಿ ಬೆಳೆದು ದೊಡ್ಡವರಾದವರು ರೋಗಾಣುವನ್ನು ಹೊತ್ತಿದ್ದರೂ ಹೆಚ್ಚು ನರಳುವುದಿಲ್ಲ. ಇದಕ್ಕೆ ಕಾರಣವೇನು? ೧೯೬೧ರಲ್ಲಿ ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಎಂಬ ವಿಜ್ಞಾನಿಗಳು ಆಫ್ರಿಕದ ಗ್ಯಾಂಬಿಯಾದಲ್ಲಿ ಅಂತಹ ವಯಸ್ಕರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟರು. ಮಕ್ಕಳ ರಕ್ತದಲ್ಲಿ ರೋಗಾಣುಗಳ ಸಂಖ್ಯೆ ಇಳಿಯಿತು. ಪ್ರತಿಕಾಯವೆಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಒಂದು ಬಗೆಯ ಪ್ರೋಟೀನು. ಸರಿಯಾದ ಪ್ರತಿಕಾಯ ಸಾಕಷ್ಟಿದ್ದರೆ ರಕ್ತದ ಹಂತದಲ್ಲಿಯೂ ರೋಗಾಣುವನ್ನು ಕಟ್ಟಿಹಾಕಬಹುದೆಂದು ಇದರಿಂದ ಸ್ಪಷ್ಟವಾಯಿತು. ಹತ್ತಾರು ವರ್ಷ ನರಳಿ ಗಳಿಸುವ ಆ ಶಕ್ತಿಯನ್ನು ಎರಡು ಮೂರು ಚುಚ್ಚುಮದ್ದಿನಿಂದ ಗಳಿಸುವ ಬಗೆ ಹೇಗೆ ಎಂಬುದೇ ಉಳಿದ ಪ್ರಶ್ನೆ.

ಬೀಗ ಮತ್ತು ಕೀಲಿಕೈ

ಮೀರೊಜೊಯಿಟ್ ಬಯಲಿನಲ್ಲಿ ಇರುವುದು ಅತ್ಯಲ್ಪ ಕಾಲ. ಒಂದು ರಕ್ತಕಣದಿಂದ ಹೊರಬಂದು ಇನ್ನೊಂದನ್ನು ಹೊಗುವ ನಡುವಣ ಆ ಕ್ಷಣಗಳಲ್ಲಿಯೇ ಪ್ರತಿಕಾಯ ಅದನ್ನು ಹಿಡಿಯಬೇಕು. ಹೊಗುವಾಗ ಅದು ರಕ್ತಕಣದ ಮೇಲಿನ ಗೊತ್ತಾದ ಅಣುಗಳಿಗೆ ಅಂಟಿಕೊಳ್ಳುವುದು. ರಕ್ತಕಣದ ಅಣು ಬೀಗವಾದರೆ ರೋಗಾಣುವಿನ ಪ್ರೋಟೀನು ಕೀಲಿಕೈ. ಫಾಲ್ಸಿಪ್ಯಾರಮ್‌ನ ಇಂತಹ ಕೀಲಿಕೈಗಳಲ್ಲಿ ಇಬಿಎ-೧೭೫ ಎಂಬುದೊಂದು. ಅದು ಗ್ಲೈಕೊಫೋರಿನ್-ಎ ಎಂಬ ಅಣುವನ್ನು ಹಿಡಿಯುವುದು. ಹಿಡಿಯುವ ಭಾಗಕ್ಕೆ ಎಫ್-೨ ಎಂದು ಹೆಸರು. ಮೀರೊಜೊಯಿಟಿನ ಮೈಮೇಲೆ ಹೊದಿಕೆಯಂತಿರುವ ಎಂಎಸ್‌ಪಿ-೧ ಎಂಬ ಇನ್ನೊಂದು ಪ್ರೋಟೀನಿದೆ. ಹೊಗುವಾಗ ಅದರ ಬಹುಭಾಗ ಕಳಚಿಬಿದ್ದರೂ ತುದಿಯ ಒಂದು ತುಣುಕು ಮಾತ್ರ ರೋಗಾಣುವಿನೊಡನೆ ಒಳಕ್ಕೆ ಹೋಗುವುದು.

ದೆಹಲಿಯ ಅಂತರರಾಷ್ಟ್ರೀಯ ಜೀನ್ ಎಂಜಿನಿಯರಿಂಗ್ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಡಾ. ಚೇತನ್ ಚಿಟ್ನಿಸ್ ಮತ್ತು ಸಂಗಡಿಗರು ಈ ಎರಡು ತುಣುಕುಗಳನ್ನು ಆರಿಸಿಕೊಂಡರು. ಒಂದು ಕೀಲಿಕೈಯ ಹಲ್ಲನ್ನು ಮುಚ್ಚಿದರೆ, ಇನ್ನೊಂದು ಒಳಹೋಗುವ ಕಳ್ಳನ ಅಂಗಿಯನ್ನು ಹಿಡಿದು ನಿಲ್ಲಿಸಬಹುದೆಂಬುದು ಅವರ ಯೋಚನೆ. ಲಸಿಕೆಯಲ್ಲಿ ಜೀವಂತ ರೋಗಾಣು ಇಲ್ಲ. ಸತ್ತ ರೋಗಾಣುವೂ ಇಲ್ಲ. ಇರುವುದು ಈ ಎರಡು ಪ್ರೋಟೀನು ತುಣುಕುಗಳು ಮಾತ್ರ. ಆದುದರಿಂದ ಈ ಲಸಿಕೆಯಿಂದ ಮಲೇರಿಯಾ ಬರುವ ಸಂಭವವೇ ಇಲ್ಲ. ಬರಿಯ ಪ್ರೋಟೀನಿಗೆ ದೇಹ ಅಷ್ಟಾಗಿ ಗಮನ ಕೊಡದು. ಅದನ್ನು ಎಚ್ಚರಿಸಲು ಮಾಂಟನೈಡ್ ಐಎಸ್‌ಎ-೭೨೦ ಎಂಬ ಎಣ್ಣೆ-ನೀರಿನ ಮಿಶ್ರಣವನ್ನು ಜೊತೆಗೆ ಸೇರಿಸಿದರು. ಇಂತಹ ವಸ್ತುವನ್ನು ಸಹಾಯಕ ದ್ರವ್ಯವೆನ್ನಬಹುದು. ಹೀಗೆ ಸಿದ್ಧವಾದ ಲಸಿಕೆಗೆ ಜೈವ್ಯಾಕ್-೧ ಎಂದು ಹೆಸರಾಯಿತು.

ಬೆಂಗಳೂರಿನ ಪರೀಕ್ಷೆ

ಪ್ರಾಣಿಗಳಲ್ಲಿ ಪರೀಕ್ಷಿಸಿದ ಮೇಲೆ ಮನುಷ್ಯನ ಸರದಿ. ಹೊಸ ಲಸಿಕೆಯನ್ನು ಮೊತ್ತಮೊದಲು ಮನುಷ್ಯರಿಗೆ ಕೊಟ್ಟು ನೋಡುವುದಕ್ಕೆ ಮೊದಲ ಹಂತದ ಪರೀಕ್ಷೆಯೆಂದು ಹೆಸರು. ಇಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಇದು ಅಪಾಯಕರವೇ? ಇದರಿಂದ ದೇಹದಲ್ಲಿ ಪ್ರತಿಕಾಯ ಹುಟ್ಟುವುದೇ? ಲಸಿಕೆ ರೋಗವನ್ನು ತಡೆಯುವುದೇ ಎಂಬ ಮೂರನೆಯ ಪ್ರಶ್ನೆ ಮುಂದಿನ ಹಂತಗಳಿಗೆ ಸೇರಿದ್ದು. ಇದನ್ನು ಮರೆತವರು ಪತ್ರಿಕೆಗಳಲ್ಲಿ ಮೊದಲ ಹಂತದ ಸುದ್ದಿ ಓದಿ ರೋಗವೇ ಹೋಯಿತೆಂದು ಭ್ರಮಿಸುವುದುಂಟು.

ಜೈವ್ಯಾಕ್-೧ರ ಮೊದಲ ಹಂತದ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯಿತು. ೨೦೧೦ರಲ್ಲಿ ಅದು ಭಾರತದ ಕ್ಲಿನಿಕಲ್ ಪರೀಕ್ಷೆಗಳ ದಾಖಲೆಯಲ್ಲಿ ನೋಂದಣಿಯಾಯಿತು. ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು. ಸ್ವಯಂಸೇವಕರಾಗಿ ಬಂದವರು ೧೮ರಿಂದ ೪೫ ವರ್ಷದ ಆರೋಗ್ಯವಂತ ಗಂಡಸರು. ಅವರು ಮಲೇರಿಯಾದ ಸೋಂಕು ತಗಲದವರಾಗಿರಬೇಕೆಂಬುದು ನಿಯಮ. ಮೊದಲೇ ಸೋಂಕು ತಗಲಿದವರ ರಕ್ತದಲ್ಲಿ ಹಳೆಯ ಪ್ರತಿಕಾಯಗಳಿದ್ದರೆ, ಲಸಿಕೆಯಿಂದ ಹುಟ್ಟಿದ್ದು ಯಾವುದು, ರೋಗದಿಂದ ಹುಟ್ಟಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಬಿಳಿಯ ಬಟ್ಟೆಯ ಮೇಲೆ ಬಣ್ಣ ಪರೀಕ್ಷಿಸುವಂತೆ ಇದು.

ಹದಿನೈದು ಜನರ ಮೂರು ತಂಡಗಳಾದುವು. ಪ್ರತಿ ತಂಡದಲ್ಲಿ ಹತ್ತು ಜನರಿಗೆ ಹೊಸ ಲಸಿಕೆ, ಐವರಿಗೆ ಎಂದಿನ ಹೆಪಟೈಟಿಸ್-ಬಿ ಲಸಿಕೆ. ಯಾರಿಗೆ ಯಾವುದೆಂದು ನಿರ್ಧರಿಸಿದ್ದು ಚೀಟಿ ಎತ್ತಿದಂತೆ, ಆಕಸ್ಮಿಕ ಆಯ್ಕೆಯಿಂದ. ತಮಗೆ ಬಂದದ್ದು ಯಾವುದೆಂದು ಸ್ವಯಂಸೇವಕರಿಗೆ ತಿಳಿಸುತ್ತಿರಲಿಲ್ಲ. ತಿಳಿದರೆ ಹೊಸ ಲಸಿಕೆ ಪಡೆದವನು ಸಣ್ಣ ತಲೆನೋವನ್ನೂ ದೊಡ್ಡದಾಗಿ ಹೇಳಬಹುದು. ಹೋಲಿಕೆಗೆ ಬರಿಯ ನೀರನ್ನು ಕೊಡದೆ ಉಪಯುಕ್ತವಾದ ಬೇರೊಂದು ಲಸಿಕೆಯನ್ನು ಕೊಟ್ಟುದರಿಂದ ಆ ಐವರಿಗೂ ಏನೋ ಒಂದು ಲಾಭವಾಯಿತು.

ಒಂದನೆಯ ತಂಡಕ್ಕೆ ಕೊಟ್ಟುದು ಒಂದೊಂದು ಪ್ರೋಟೀನಿನ ೧೦ ಮೈಕ್ರೊಗ್ರಾಂ, ಎರಡನೆಯದಕ್ಕೆ ೨೫, ಮೂರನೆಯದಕ್ಕೆ ೫೦. ಒಂದು ಗ್ರಾಮನ್ನು ಇಪ್ಪತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ೫೦ ಮೈಕ್ರೊಗ್ರಾಂ. ಅಳತೆ ಇಷ್ಟು ಸಣ್ಣದಾದರೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ತಿಳಿಯದ ಹೊಳೆಗೆ ಇಳಿಯುವವನು ಕೋಲೂರಿ ಆಳ ನೋಡುತ್ತ ಹೆಜ್ಜೆಯಿಡುವಂತೆ ಕಡಮೆ ಅಳತೆಯಿಂದ ಹೆಚ್ಚಿನ ಅಳತೆಗೆ ಹೋಗುವುದು ಈ ಪರೀಕ್ಷೆಯ ಕ್ರಮ. ಚುಚ್ಚುಮದ್ದು ತೋಳಿನ ಮೇಲ್ಭಾಗದ ಸ್ನಾಯುವಿಗೆ. ಮೊದಲ ದಿನ, ೨೮ನೆಯ ದಿನ, ೧೮೦ನೆಯ ದಿನ, ಹೀಗೆ ಮೂರು ಸಲ.

ಏನು ಕಂಡಿತು? ಲಸಿಕೆಯನ್ನು ದೇಹ ಚೆನ್ನಾಗಿ ತಾಳಿಕೊಂಡಿತು. ಗಂಭೀರವಾದ ಅಡ್ಡಪರಿಣಾಮ ಯಾರಲ್ಲಿಯೂ ಕಾಣಲಿಲ್ಲ. ಹೊಸ ಲಸಿಕೆ ಪಡೆದ ಎಲ್ಲರ ರಕ್ತದಲ್ಲಿಯೂ ಎಫ್-೨ಕ್ಕೆ ಪ್ರತಿಕಾಯಗಳು ಹುಟ್ಟಿದುವು. ಅಳತೆ ಹೆಚ್ಚಿದಂತೆ ಪ್ರತಿಕಾಯವೂ ಹೆಚ್ಚಿತು. ಆ ಪ್ರತಿಕಾಯಗಳನ್ನು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ರೋಗಾಣುಗಳಿಗೆ ಬೆರೆಸಿದಾಗ ರೋಗಾಣುಗಳ ಬೆಳವಣಿಗೆ ಗಮನಾರ್ಹವಾಗಿ ಕುಗ್ಗಿತು. ಪ್ರತಿಕಾಯವಿದೆಯೆಂಬುದು ಒಂದು, ಅದು ಕೆಲಸ ಮಾಡುವುದೆಂಬುದು ಇನ್ನೊಂದು. ಇಲ್ಲಿ ಎರಡೂ ತಿಳಿದುವು. ಆದರೆ ಎಂಎಸ್‌ಪಿ ತುಣುಕಿನ ಫಲ ನಿರಾಶಾದಾಯಕ. ಅದಕ್ಕೆ ದೇಹ ತೋರಿದ ಪ್ರತಿಕ್ರಿಯೆ ಅತ್ಯಲ್ಪ. ಎಫ್-೨ವನ್ನು ಉಳಿಸಿಕೊಳ್ಳಬೇಕು, ಇನ್ನೊಂದನ್ನು ಸುಧಾರಿಸಬೇಕು ಎಂದು ವಿಜ್ಞಾನಿಗಳು ಬರೆದರು. ಕೆಲಸಕ್ಕೆ ಬಾರದ್ದನ್ನು ಬಾರದೆಂದು ಪ್ರಕಟಿಸುವುದೂ ವಿಜ್ಞಾನದ ಕರ್ತವ್ಯವೇ.

ಮೂವತ್ತು ಜನ ಸಾಕೆ?

ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲು ಕೈಗೆತ್ತಿಕೊಳ್ಳಬೇಕು. ಹೊಸ ಲಸಿಕೆ ಪಡೆದವರು ಒಟ್ಟು ೩೦ ಜನ. ಅವರಲ್ಲಿ ಯಾರಿಗೂ ಗಂಭೀರ ತೊಂದರೆಯಾಗಲಿಲ್ಲ. ಎಂದರೆ ತೊಂದರೆಯೇ ಇಲ್ಲವೆಂದೇ? ಹತ್ತರಲ್ಲಿ ಒಬ್ಬನಿಗೆ ತೊಂದರೆ ಮಾಡುವ ಲಸಿಕೆಯೊಂದಿದೆಯೆಂದು ಭಾವಿಸೋಣ. ಒಬ್ಬನು ಪಾರಾಗುವ ಸಂಭವ ೦.೯. ಮೂವತ್ತು ಜನರೂ ಪಾರಾಗುವ ಸಂಭವ ೦.೯ನ್ನು ಮೂವತ್ತು ಸಲ ಗುಣಿಸಿದಷ್ಟು. ಎಂದರೆ ಸುಮಾರು ೦.೦೪. ನೂರರಲ್ಲಿ ನಾಲ್ಕೇ ಸಲ ಹಾಗಾದೀತು. ಆದುದರಿಂದ ಹತ್ತರಲ್ಲಿ ಒಬ್ಬನನ್ನು ಕಾಡುವ ತೊಂದರೆ ಇದ್ದಿದ್ದರೆ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಕಣ್ಣಿಗೆ ಬೀಳುತ್ತಿತ್ತು. ಈಗ ನೂರರಲ್ಲಿ ಒಬ್ಬನಿಗೆ ಎಂದಿಟ್ಟುಕೊಳ್ಳಿರಿ. ೦.೯೯ನ್ನು ಮೂವತ್ತು ಸಲ ಗುಣಿಸಿದರೆ ಸುಮಾರು ೦.೭೪. ಎಂದರೆ ನೂರರಲ್ಲಿ ಎಪ್ಪತ್ತನಾಲ್ಕು ಸಲ ಆ ತೊಂದರೆ ಕಾಣದೆಯೇ ಜಾರಿಹೋಗುವುದು.

ಆದುದರಿಂದಲೇ ಮೊದಲ ಹಂತವಾದ ಮೇಲೆ ನೂರಾರು ಜನರ ಎರಡನೆಯ ಹಂತ, ಸಾವಿರಾರು ಜನರ ಮೂರನೆಯ ಹಂತ ಎಂದು ಏರ್ಪಾಡು. ಆರ್‌ಟಿಎಸ್,ಎಸ್ ಎಂಬ ಲಸಿಕೆಯ ಕಥೆ ಇದಕ್ಕೆ ಸಾಕ್ಷಿ. ಅದರ ಕೆಲಸ ೧೯೮೭ರಲ್ಲಿ ಆರಂಭವಾಯಿತು. ೧೯೯೭ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ, ಲಸಿಕೆಯ ಒಂದು ಬಗೆಯನ್ನು ಪಡೆದು ಅನಂತರ ರೋಗದ ಸೊಳ್ಳೆಗಳಿಂದ ಕಚ್ಚಿಸಿಕೊಂಡ ಏಳು ಜನರಲ್ಲಿ ಆರು ಜನ ಪಾರಾದರು. ಮೂರನೆಯ ಹಂತದಲ್ಲಿ ಆಫ್ರಿಕದ ಏಳು ದೇಶಗಳ ಸುಮಾರು ೧೫ ಸಾವಿರ ಮಕ್ಕಳು ಭಾಗವಹಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿದ್ದು ೨೦೨೧ರ ಅಕ್ಟೋಬರಿನಲ್ಲಿ. ಆರಂಭದಿಂದ ಅಲ್ಲಿಗೆ ಮೂವತ್ತನಾಲ್ಕು ವರ್ಷ! ಎರಡನೆಯ ಲಸಿಕೆಯಾದ ಆರ್-೨೧ಕ್ಕೆ ೨೦೨೩ರಲ್ಲಿ ಶಿಫಾರಸು ದೊರೆಯಿತು. ಅದನ್ನು ತಯಾರಿಸುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್.

ಆದರೆ ಈ ಎರಡೂ ಫಾಲ್ಸಿಪ್ಯಾರಮ್ ಜಾತಿಗೆ ಮಾತ್ರ ಸಂಬಂಧಿಸಿದವು. ಮುಖ್ಯವಾಗಿ ಆಫ್ರಿಕದ ಎಳೆಯ ಮಕ್ಕಳ ಪ್ರಾಣ ಉಳಿಸಲು ಬಂದವು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇವು ಸೇರಿಲ್ಲ. ನಮ್ಮಲ್ಲಿ ವೈವ್ಯಾಕ್ಸ್ ಕೂಡ ಬಹಳ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸುತ್ತಿದ್ದು, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಎಚ್ಚತ್ತು ಮತ್ತೆ ಜ್ವರ ತರುವುದು. ಬಯಲುಸೀಮೆಯ ನಾವು ಕಾಯಬೇಕಾದುದು ವೈವ್ಯಾಕ್ಸಿಗೂ ನಾಟುವ ಲಸಿಕೆಗಾಗಿ.

ವೈವ್ಯಾಕ್ಸಿನ ಬೆನ್ನು ಹತ್ತಿ

ವೈವ್ಯಾಕ್ಸಿನ ಕೀಲಿಕೈ ಬೇರೆ. ರಕ್ತಕಣದ ಮೇಲೆ ಡಫಿ ಎಂಬ ಅಣು ಇಲ್ಲದವರಿಗೆ ವೈವ್ಯಾಕ್ಸ್ ಸುಲಭವಾಗಿ ತಗಲದೆಂದು ೧೯೭೬ರಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ಆ ಡಫಿಯನ್ನು ಹಿಡಿಯುವ ರೋಗಾಣುವಿನ ತುಣುಕನ್ನೂ ದೆಹಲಿಯ ವಿಜ್ಞಾನಿಗಳು ಲಸಿಕೆಯಾಗಿಸಿದರು. ಭಾರತದ ಆರೋಗ್ಯವಂತ ಸ್ವಯಂಸೇವಕರ ಮೇಲೆ ಅದರ ಮೊದಲ ಹಂತದ ಪರೀಕ್ಷೆಯೂ ನಡೆದು, ೨೦೧೮ರಲ್ಲಿ ಫಲಿತಾಂಶ ಬಂದಿತು: ಲಸಿಕೆ ಸುರಕ್ಷಿತವೆಂದು ಕಂಡಿತು, ಹುಟ್ಟಿದ ಪ್ರತಿಕಾಯಗಳು ಕೀಲಿಕೈಯನ್ನು ಮುಚ್ಚಿದುವು.

ಅನಂತರ ಅದೇ ಪ್ರೋಟೀನನ್ನು ಬೇರೊಂದು ಸಹಾಯಕ ದ್ರವ್ಯದೊಡನೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸ್ವಯಂಸೇವಕರಿಗೆ ಕೊಟ್ಟು, ವೈದ್ಯರ ಕಾವಲಿನಲ್ಲಿ ವೈವ್ಯಾಕ್ಸ್ ಸೋಂಕನ್ನೇ ಅವರಿಗೆ ತಗಲಿಸಿ ನೋಡಿದರು. ನಡುವೆ ಕೋವಿಡ್ ಪಿಡುಗು ಬಂದು ಪರೀಕ್ಷೆ ನಿಂತಿತು. ಕೆಲವರಿಗೆ ಮುಂದಿನ ಚುಚ್ಚುಮದ್ದು ಬಹಳ ತಡವಾಯಿತು. ವಿಚಿತ್ರವೆಂದರೆ ಹೀಗೆ ತಡವಾಗಿ ಪಡೆದವರಲ್ಲಿಯೇ ಫಲ ಚೆನ್ನಾಗಿ ಕಂಡಿತು. ಲಸಿಕೆ ಪಡೆಯದವರಿಗೆ ಹೋಲಿಸಿದರೆ ಅವರ ರಕ್ತದಲ್ಲಿ ರೋಗಾಣು ಹೆಚ್ಚುವ ವೇಗ ಸರಾಸರಿ ಶೇಕಡ ೫೧ರಷ್ಟು ತಗ್ಗಿತ್ತು. ೨೦೨೩ರಲ್ಲಿ ಪ್ರಕಟವಾದ ಈ ಫಲ ಪೂರ್ಣ ರಕ್ಷಣೆಯಲ್ಲ. ಆದರೆ ದಾರಿ ಸರಿಯಾಗಿದೆಯೆಂಬ ಗುರುತು.

೨೦೨೫ರ ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಆಡ್‌ಫಾಲ್ಸಿವ್ಯಾಕ್ಸ್ ಎಂಬ ಹೊಸ ಲಸಿಕೆಯನ್ನು ಕುರಿತು ಪ್ರಕಟಿಸಿತು. ಭುವನೇಶ್ವರದ ತನ್ನ ಕೇಂದ್ರದಲ್ಲಿ ರೂಪಿಸಿದ ಆ ಲಸಿಕೆಯನ್ನು ತಯಾರಿಸಲು ಕಂಪನಿಗಳನ್ನು ಆಹ್ವಾನಿಸಿತು. ಫಾಲ್ಸಿಪ್ಯಾರಮ್‌ನ ಒಂದಕ್ಕಿಂತ ಹೆಚ್ಚು ಹಂತಗಳನ್ನು ತಡೆಯುವ ಉದ್ದೇಶ ಅದರದು. ಪ್ರಕಟಿಸಿದಾಗ ಅದು ಪ್ರಾಣಿಗಳ ಪರೀಕ್ಷೆಯನ್ನು ಮಾತ್ರ ದಾಟಿತ್ತು. ಇಂತಹ ಪ್ರತಿಯೊಂದು ಲಸಿಕೆಯೂ ಮುಂದುವರಿಯಬೇಕಾದರೆ ಮೊದಲ ತೋಳನ್ನು ಯಾರೋ ಒಬ್ಬರು ಒಡ್ಡಲೇಬೇಕು.

ಒಪ್ಪಿಗೆ ಎಂಬುದರ ಅರ್ಥ

ಆ ಒಬ್ಬರು ಯಾರು? ಹದಿನೆಂಟು ತುಂಬಿದ ಆರೋಗ್ಯವಂತರು. ಎಂದರೆ ಈ ಲೇಖನವನ್ನು ಓದುವ ಕಾಲೇಜು ವಿದ್ಯಾರ್ಥಿಗಳ ವಯಸ್ಸಿನವರು. ಇವರಿಗೆ ರೋಗವಿಲ್ಲ, ಔಷಧದಿಂದ ಆಗಬೇಕಾದ ಲಾಭವೂ ಇಲ್ಲ. ಪರರಿಗಾಗಿ ಸ್ವಲ್ಪ ಅಪಾಯವನ್ನು ಹೊರುವರು. ಆದುದರಿಂದ ಅವರ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿರಬೇಕು. ೨೦೦೯-೧೦ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಬೇರೊಂದು ಲಸಿಕೆ ಕೊಟ್ಟು ನೋಡಿದ ಯೋಜನೆಯೊಂದಿತ್ತು. ಖಮ್ಮಂನಲ್ಲಿ ಅನೇಕ ಮಕ್ಕಳ ಪರವಾಗಿ ತಂದೆತಾಯಿಗಳ ಬದಲು ಹಾಸ್ಟೆಲಿನ ವಾರ್ಡನ್ನರು ಸಹಿ ಹಾಕಿದ್ದು ಬೆಳಕಿಗೆ ಬಂದಿತು. ೨೦೧೩ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ವಿಜ್ಞಾನದ ಹೆಸರಿನಲ್ಲಿ ನಡೆದರೂ ಅನ್ಯಾಯ ಅನ್ಯಾಯವೇ.

೨೦೧೯ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳಂತೆ ಪ್ರತಿ ಪರೀಕ್ಷೆಯನ್ನೂ ಒಂದು ನೀತಿ ಸಮಿತಿ ಮೊದಲು ಒಪ್ಪಬೇಕು. ಪರೀಕ್ಷೆ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಬೇಕು. ಸ್ವಯಂಸೇವಕನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರ ತಿಳಿಸಬೇಕು. ಅವನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕು. ಕೂಡ್ಲಿಗಿಯ ತರುಣನಾಗಲಿ ಕೊಟ್ಟೂರಿನ ತರುಣಿಯಾಗಲಿ ಮುಂದೊಂದು ದಿನ ಇಂತಹ ಕಾಗದದ ಮುಂದೆ ಕುಳಿತರೆ, ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಇದು ಯಾವ ಹಂತ? ನನಗಿಂತ ಮುಂಚೆ ಎಷ್ಟು ಜನ ಪಡೆದಿದ್ದಾರೆ? ಅವರಿಗೆ ಏನಾಯಿತು? ನನಗೆ ಏನಾದರೂ ಆದರೆ ನೋಡಿಕೊಳ್ಳುವವರು ಯಾರು? ಈ ನಾಲ್ಕಕ್ಕೂ ನೇರವಾದ ಉತ್ತರ ಬಂದರೆ, ಒಪ್ಪುವುದೂ ಬಿಡುವುದೂ ಅವರವರ ಇಚ್ಛೆ. ಬಿಟ್ಟರೆ ಹೇಡಿತನವಲ್ಲ, ಒಪ್ಪಿದರೆ ಮೂರ್ಖತನವೂ ಅಲ್ಲ.

ಲಸಿಕೆ ಬರುವತನಕ

ದೇಶದಲ್ಲಿ ೨೦೧೫ರಲ್ಲಿ ೧೧ ಲಕ್ಷ ೬೯ ಸಾವಿರದಷ್ಟಿದ್ದ ಮಲೇರಿಯಾ ರೋಗಿಗಳ ಸಂಖ್ಯೆ ೨೦೨೩ರಲ್ಲಿ ೨ ಲಕ್ಷ ೨೭ ಸಾವಿರಕ್ಕೆ ಇಳಿಯಿತು. ೨೦೩೦ರೊಳಗೆ ರೋಗವನ್ನು ಇಲ್ಲವಾಗಿಸುವುದು ಗುರಿ. ಈ ಇಳಿಕೆಯಾದುದು ಲಸಿಕೆಯಿಂದಲ್ಲ. ಸೊಳ್ಳೆಪರದೆ, ರಕ್ತಪರೀಕ್ಷೆ, ಸಕಾಲದ ಮಾತ್ರೆ ಮುಂತಾದ ಹಳೆಯ ಉಪಾಯಗಳಿಂದ. ವೈವ್ಯಾಕ್ಸಿಗೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ಹದಿನಾಲ್ಕು ದಿನವೂ ನುಂಗಬೇಕು. ಜ್ವರ ಬಿಟ್ಟಿತೆಂದು ನಾಲ್ಕು ದಿನಕ್ಕೇ ನಿಲ್ಲಿಸಿದರೆ ಯಕೃತ್ತಿನಲ್ಲಿ ಮಲಗಿರುವ ಶತ್ರು ಉಳಿದುಕೊಳ್ಳುವನು.

ಆದರೆ ೧೯೬೫ರ ಪಾಠವನ್ನು ಮರೆಯಬಾರದು. ರೋಗ ಕಡಮೆಯಾದ ಊರಿನಲ್ಲಿ ಜನರ ರಕ್ತದಲ್ಲಿ ಹಳೆಯ ಪ್ರತಿಕಾಯಗಳೂ ಕಡಮೆಯಾಗುವುವು. ಬೆಂಗಳೂರಿನ ಆ ಸ್ವಯಂಸೇವಕರಂತೆ ಮಲೇರಿಯಾವನ್ನೇ ಕಾಣದ ಪೀಳಿಗೆಯೊಂದು ತುಂಗಭದ್ರೆಯ ದಡದಲ್ಲಿಯೂ ಬೆಳೆಯುತ್ತಿದೆ. ಇದು ನಮ್ಮ ಭಾಗ್ಯವೂ ಹೌದು, ನಮ್ಮ ದೌರ್ಬಲ್ಯವೂ ಹೌದು. ದುಡಿಯಲು ದೂರದ ಊರಿಗೆ ಹೋದವನೊಬ್ಬನು ರಕ್ತದಲ್ಲಿ ರೋಗಾಣುವನ್ನು ಹೊತ್ತು ಮರಳಿದರೆ, ಮಳೆಗಾಲದ ಗುಂಡಿಯಲ್ಲಿ ಸೊಳ್ಳೆ ಸಿದ್ಧವಾಗಿಯೇ ಇರುವುದು. ಅಂತಹ ಸೀಮೆಗೆ ಒಳ್ಳೆಯ ಲಸಿಕೆಯೊಂದು ಬಂದರೆ ಅದು ಹಳೆಯ ಉಪಾಯಗಳ ಪಕ್ಕದಲ್ಲಿ ನಿಲ್ಲುವ ಕಾವಲುಗಾರನಾದೀತು. ಅವುಗಳ ಸ್ಥಾನವನ್ನು ಕಸಿದುಕೊಳ್ಳಲಾರದು. ಅದು ಬರುವತನಕ ಚಳಿ ಹಿಡಿದ ದಿನವೇ ಬೆರಳು ಚುಚ್ಚಿಸಿ ಒಂದು ತೊಟ್ಟು ರಕ್ತ ಕೊಡುವುದು ನಮ್ಮ ಕೈಯಲ್ಲಿರುವ ಕೆಲಸ.